ಖಾಲಿ ಬಿಟ್ಟ ಫೋನ್ ನಂಬರು

ಬಲ್ಮಠದಲ್ಲಿ ನಾನು ಕೆಲಸ ಮಾಡುವ ಅಂಗಡಿಯಿಂದ ಯಾರೂ ಖುಷಿಯಲ್ಲಿ ಏನನ್ನೂ ಕೊಂಡುಹೋಗುವುದಿಲ್ಲ. ಮೂತ್ರದ ಚೀಲ, ಗಾಳಿ ತುಂಬುವ ಹಾಸಿಗೆ, ದೊಡ್ಡವರ ಡೈಪರು, ಗಾಲಿಕುರ್ಚಿ, ಊಟ ಸೇರದವರಿಗೆ ಕಲಸಿ ಕುಡಿಸುವ ಪುಡಿಯ ಡಬ್ಬಿ. ಮನೆಯಲ್ಲಿ ಮಲಗಿದವರಿಗೆ ಬೇಕಾದದ್ದೆಲ್ಲ ನಮ್ಮಲ್ಲಿದೆ. ಹಾಗಾಗಿ ಈ ಊರಿನ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ನಮಗೆ ಅವರ ನೆಂಟರಿಗಿಂತ ಮೊದಲೇ ಗೊತ್ತಾಗುತ್ತದೆ.

ಅಂಗಡಿಯ ಆರ್ಡರ್ ಪುಸ್ತಕಗಳನ್ನು ಮೂವತ್ತು ವರ್ಷ ಬರೆದವರು ಒಬ್ಬ ಹಿರಿಯರು. ನಾವೆಲ್ಲ ಅವರನ್ನು ರೈಟರು ಎನ್ನುತ್ತಿದ್ದೆವು. ಮನೆಯಲ್ಲಿ ಬರೀ ತುಳು ಆಡುತ್ತಿದ್ದ ನನಗೆ ನಾಲ್ಕು ಸಾಲು ನೆಟ್ಟಗೆ ಕನ್ನಡ ಬರೆಯಲು ಕಲಿಸಿದವರೂ ಅವರೇ. ಉದ್ದನೆಯ ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ರೋಗಿಯ ಹೆಸರು, ರೋಗಿಯ ಫೋನು, ಆರ್ಡರ್ ಕೊಟ್ಟವರ ಹೆಸರು, ಅವರ ಫೋನು, ಏನು ಬೇಕು, ಎಷ್ಟು, ಯಾವಾಗ. ಕಣ್ಣಿಗೆ ಪೊರೆ ಬಂದು ಗೆರೆಗಳು ಓರೆಯಾಗತೊಡಗಿದ ಮೇಲೆ ಅವರು ಬಿಕರ್ನಕಟ್ಟೆಯ ತಮ್ಮ ಮನೆಯಲ್ಲಿ ಕುಳಿತರು. ಮಾಲಕರು ಅವರ ಜಾಗಕ್ಕೆ ಬೇರೆ ಜನ ಇಡಲಿಲ್ಲ, ಸಿಆರ್‌ಎಂ ತಂದರು. ಗಿರಾಕಿಗಳು, ಅವರ ಆರ್ಡರುಗಳು, ಅವರಿಗೆ ತಾನಾಗಿ ಹೋಗುವ ಮೆಸೇಜುಗಳು ಎಲ್ಲವೂ ಕಂಪ್ಯೂಟರಿನಲ್ಲಿ ಒಂದೇ ಕಡೆ. ಪುಸ್ತಕದಲ್ಲಿದ್ದದ್ದನ್ನೆಲ್ಲ ಅದರೊಳಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಲಿಸಿಕೊಡಲು ಕಂಪನಿಯಿಂದ ಒಬ್ಬರು ಮೇಡಂ ಬಂದಿದ್ದರು. ಒಳ್ಳೆಯ ಕೆಲಸಗಾರ್ತಿ. ಮೊದಲು ಹತ್ತು ಗಿರಾಕಿಗಳನ್ನು ಮಾತ್ರ ಹಾಕಿ ನೋಡಿ, ಪುಸ್ತಕಕ್ಕೆ ಹೋಲಿಸಿ, ಆಮೇಲೆ ಉಳಿದದ್ದು ಎಂದರು. ನಾವು ಹಾಗೆಯೇ ಮಾಡಿದೆವು. ಆದರೆ ನಾನು ಆರಿಸಿದ ಹತ್ತೂ ನರ್ಸಿಂಗ್ ಹೋಮುಗಳು. ಅವುಗಳ ವಿವರ ಚೊಕ್ಕವಾಗಿತ್ತು, ಒಂದೂ ತಪ್ಪು ಬರಲಿಲ್ಲ. ಕಷ್ಟದ್ದನ್ನು ಆರಿಸಿ ಪರೀಕ್ಷೆ ಮಾಡಬೇಕಿತ್ತು ಎಂಬ ಬುದ್ಧಿ ಆಗ ಇರಲಿಲ್ಲ.

ಮನೆಗಳ ಪಟ್ಟಿ ಹಾಕಿದಾಗ ಪರದೆಯ ಮೇಲೆ ಅಲ್ಲಲ್ಲಿ ಕೆಂಪು ಸಾಲುಗಳು ಕಾಣಿಸಿಕೊಂಡವು. ರೋಗಿಯ ಫೋನ್ ನಂಬರಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅದರ ಹಟ. ರೈಟರು ಆ ಸಾಲುಗಳಲ್ಲಿ ನಂಬರಿನ ಜಾಗವನ್ನು ಖಾಲಿ ಬಿಟ್ಟಿದ್ದರು.

"ಆರ್ಡರ್ ಕೊಟ್ಟವರ ನಂಬರನ್ನೇ ಅಲ್ಲಿಗೂ ಹಾಕಿಬಿಡಿ ಅಣ್ಣ, ಮುಗೀತು," ಎಂದರು ಮೇಡಂ.

"ಅದು ಹೇಗೆ ಮೇಡಂ? ರೋಗಿಯ ಜಾಗದಲ್ಲಿ ಮತ್ತೊಬ್ಬರ ನಂಬರ್ ಹಾಕಿದ್ರೆ ಸುಳ್ಳು ಬರೆದ ಹಾಗೆ ಆಗ್ಲಿಲ್ವಾ? ನಾನು ಹುಡುಕಿ ಕೊಡ್ತೇನೆ."

"ಎಲ್ಲ ಅಂಗಡಿಯಲ್ಲಿ ನಿಮ್ಮಂಥವರು ಒಬ್ಬೊಬ್ಬರಿದ್ರೆ ನನ್ನ ಕೆಲಸ ಹೋಗ್ತದೆ," ಎಂದು ಅವರು ನಕ್ಕರು.

ಆ ಹೊಗಳಿಕೆ ನನ್ನ ತಲೆಗೇರಿತು. ಹಳೆಯ ಬಿಲ್ಲು, ಬಾಡಿಗೆ ರಸೀದಿ, ಡಾಕ್ಟರ ಚೀಟಿಗಳ ಕಟ್ಟುಗಳನ್ನೆಲ್ಲ ಬಿಚ್ಚಿದೆ. ಒಂದು ವಾರ ಕುಳಿತು ಒಂದೊಂದೇ ನಂಬರು ಹೆಕ್ಕಿ ತುಂಬಿದೆ. ಕೊನೆಯ ಕೆಂಪು ಸಾಲು ಬಿಳಿಯಾದಾಗ ಮಾಲಕರು ನನಗೆ ಚಹಾ ತರಿಸಿದರು.

ಆ ಸಾಲುಗಳಲ್ಲಿ ಒಂದು, ಬಂದರಿನ ಗೋದಾಮಿನಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದ ಒಬ್ಬ ಕ್ರೈಸ್ತ ಹಿರಿಯರದ್ದು. ಅವರಿಗೆ ಹೊಟ್ಟೆಯ ಕ್ಯಾನ್ಸರ್. ಅದು ಅವರಿಗೆ ಗೊತ್ತಿರಲಿಲ್ಲ. ಹುಣ್ಣು ಎಂದು ಮಗಳು ಹೇಳಿದ್ದಳು, ಡಾಕ್ಟರೂ ಒಪ್ಪದೆ ಒಪ್ಪಿದ್ದರು. ಶಾಲೆಯಲ್ಲಿ ಟೀಚರಾಗಿದ್ದ ಆ ಮಗಳು ಮೊದಲ ಸಲ ಆರ್ಡರ್ ಕೊಡಲು ಬಂದಾಗ ರೈಟರ ಮೇಜಿನ ಮುಂದೆ ನಿಂತು ಅತ್ತದ್ದು ನನಗೆ ನೆನಪಿದೆ. ಅವಳ ತಾಯಿ ಅದೇ ಕಾಯಿಲೆಯಲ್ಲಿ ತುಂಬ ನರಳಿ ಹೋಗಿದ್ದರು. ಆಗಲೇ ತಂದೆ, ನನಗೇನಾದರೂ ಇದು ಬಂದರೆ ಒಂದು ಮಾತ್ರೆಯನ್ನೂ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಗೊತ್ತಾದ ದಿನ ಪಪ್ಪ ಔಷಧಿ ಬಿಡುತ್ತಾರೆ, ಅದೇ ಅವಳ ಹೆದರಿಕೆ. ಹಾಗಾಗಿ ಮಾತ್ರೆಗಳನ್ನು ಹೆಸರಿರುವ ಸ್ಟ್ರಿಪ್ಪಿನಿಂದ ಬಿಡಿಸಿ ಕೊಡುತ್ತಿದ್ದಳು. ನಮ್ಮ ಪುಡಿಯ ಡಬ್ಬಿಯ ಮೇಲೆ ಕಾಯಿಲೆಯ ಹೆಸರು ದೊಡ್ಡದಾಗಿ ಇರುತ್ತದಲ್ಲ, ಅದರ ಲೇಬಲನ್ನು ಬಿಸಿನೀರಿನ ಬಟ್ಟೆ ಇಟ್ಟು ಕೀಳುವುದು ನನ್ನ ಕೆಲಸ. ಬೆಳಿಗ್ಗೆ ಅವರ ಡಬ್ಬಿಯ ಲೇಬಲು ಕಿತ್ತ ಕೈಯೇ ಮಧ್ಯಾಹ್ನ ಅವರ ನಂಬರನ್ನು ತುಂಬಿತು. ಪರದೆಯ ಮೇಲೆ ಅವರು ಇಂಗ್ಲಿಷ್ ಅಕ್ಷರದ ಒಂದು ಸಾಲಾಗಿದ್ದರು, ಅಷ್ಟೆ. ಆ ನಂಬರು ನನಗೆ ಸಿಕ್ಕಿದ್ದು ಅವರ ಹೆಂಡತಿಗಾಗಿ ಬಾಡಿಗೆಗೆ ಒಯ್ದಿದ್ದ ಮಂಚದ ರಸೀದಿಯಲ್ಲಿ.

ಮುಂದಿನ ವಾರ ಟೀಚರು ಎಂದಿನಂತೆ ಫೋನಿನಲ್ಲಿ ನಾಲ್ಕು ಡಬ್ಬಿ ಹೇಳಿದಳು. ನಾನು ಹೊಸ ವ್ಯವಸ್ಥೆಯಲ್ಲಿ ಬರೆದು ಸೇವ್ ಒತ್ತಿದೆ. ಕಾಲು ಗಂಟೆ ಕಳೆದಿರಬಹುದು, ಅಂಗಡಿಯ ಫೋನ್ ಹೊಡೆದುಕೊಂಡಿತು.

"ನಿಮ್ಮಲ್ಲಿಂದ ಒಂದು ಮೆಸೇಜ್ ಬಂದಿದೆ. ನಾನು ಎಂತದೂ ಆರ್ಡರ್ ಕೊಟ್ಟದ್ದಿಲ್ಲ. ತಪ್ಪಿ ಬಂದದ್ದಾ ಎಂತ?"

ದನಿ ಗುರುತಾಯಿತು, ಟೀಚರ ತಂದೆಯದ್ದು. "ಹೌದು, ತಪ್ಪಿ ಬಂದದ್ದು," ಎಂದೆ.

"ಹೆಸರು ನನ್ನದೇ ಉಂಟು. ಮನೆ ನಂಬರೂ ನನ್ನದೇ. ಕ್ಯಾನ್ಸರಿನವರ ಪುಡಿ, ವೆನಿಲ್ಲಾ, ನಾಲ್ಕು ಡಬ್ಬಿ ಅಂತ ಉಂಟು. ಮಗಳು ತರುವುದೂ ನಾಲ್ಕೇ ಡಬ್ಬಿ. ಅದೂ ವೆನಿಲ್ಲಾ ಪರಿಮಳವೇ."

ನಾನು ಪರದೆಯ ಮೇಲೆ ಅವರ ಸಾಲು ತೆರೆದೆ. ನಾನು ತುಂಬಿದ ನಂಬರು ಅಲ್ಲಿತ್ತು.

"ಚೀಟಿ ನೋಡಿ ಮಾಲು ಇಳಿಸಿದವ ನಾನು ಮಾರಾಯ್ರೆ. ತಪ್ಪಿ ಬಂದ ಚೀಟಿ ಯಾವುದು ಅಂತ ನನಗೆ ಗೊತ್ತಾಗ್ತದೆ. ಫೋನ್ ಇಡ್ತೇನೆ."

ಮರುದಿನ ಟೀಚರು ಬಂದಳು. ಕೂರಲಿಲ್ಲ. ಮಾಲಕರು ಎದ್ದು, "ಸಾಫ್ಟ್‌ವೇರಿನ ತೊಂದರೆ ಟೀಚರೇ, ಕಂಪನಿಯವರಿಗೆ ಹೇಳಿದ್ದೇವೆ," ಎಂದರು. ಮೊದಲೇ ನನಗೂ ಹಾಗೆಯೇ ಹೇಳಬೇಕೆಂದು ತಾಕೀತು ಮಾಡಿದ್ದರು. ಬಾಯಿಗೆ ಬರಲಿಲ್ಲ.

"ನಂಬರ್ ತುಂಬಿದ್ದು ನಾನು," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಲೇಬಲ್ ಕಿತ್ತು ಕೊಡ್ತಿದ್ದದ್ದೂ ನೀವೇ ಅಲ್ವಾ?"

"ಹೌದು."

"ಮತ್ತೆ?"

ನಂಬರು ಸಿಕ್ಕಿದ ಮಂಚದ ರಸೀದಿಯನ್ನು ತೆಗೆದು ಅವಳ ಮುಂದಿಟ್ಟೆ.

"ಗಡ್ಡೆ ಸಣ್ಣದಾಗ್ತಾ ಬಂದಿತ್ತು ಅಣ್ಣ," ಎಂದಳು ಅವಳು. "ಐದು ತಿಂಗಳು ಪಪ್ಪನ ಮುಖ ನೋಡಿ ಸುಳ್ಳು ಹೇಳಿದೆ. ಪಾಪನಿವೇದನೆಗೆ ಹೋದಾಗಲೆಲ್ಲ ಫಾದರ್ ಹತ್ರ ಅದೊಂದನ್ನೇ ಹೇಳ್ತಿದ್ದೆ. ನಿನ್ನೆಯಿಂದ ಅವರು ಮಾತ್ರೆ ಮುಟ್ಟಲಿಲ್ಲ."

ಎರಡು ದಿನ ಬಿಟ್ಟು ಅವಳ ತಂದೆಯೇ ಬಂದರು, ಆಟೋದಲ್ಲಿ. ಮೈ ಇಳಿದಿತ್ತು, ಅಂಗಿಗೆ ಇಸ್ತ್ರಿ ಹಾಕಿತ್ತು. ಚೀಲದಿಂದ ಒಡೆಯದ ಮೂರು ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟರು. "ಲೇಬಲ್ ಇಲ್ಲದ ಮಾಲು ನಾನು ಗೋದಾಮಿನ ಒಳಗೆ ತಕ್ಕೊಂಡವನಲ್ಲ. ವಾಪಸ್ ಇಟ್ಕೊಳ್ಳಿ."

"ಪೊರ್ಬುಗಳೇ," ಎಂದೆ, ಕ್ರೈಸ್ತ ಹಿರಿಯರನ್ನು ನಾವು ಕರೆಯುವ ಹಾಗೆ. "ತಪ್ಪು ನನ್ನದು. ಮಗಳ ಮುಖ ನೋಡಿಯಾದ್ರೂ ಔಷಧಿ ಬಿಡ್ಬೇಡಿ."

"ನನ್ನ ಹೆಂಡತಿ ಕೊಟ್ಟದ್ದೆಲ್ಲ ನುಂಗಿದ್ಲು. ಮಂಚ ಕೊಟ್ಟದ್ದು ನೀವೇ, ನೆನಪುಂಟಲ್ಲ?"

ವಾಪಸ್ ಬಂದ ಮಾಲಿಗೆ ಕಾರಣ ಬರೆಯದೆ ಸಿಆರ್‌ಎಂ ಮುಂದೆ ಹೋಗುವುದಿಲ್ಲ. ನಾನು ತಡಕಾಡುವುದನ್ನು ನೋಡಿ, ಎಂತೆಲ್ಲ ಉಂಟು ಅದರಲ್ಲಿ ಎಂದು ಕೇಳಿದರು. ಓದಿದೆ: ಹಾಳಾಗಿದೆ, ತಪ್ಪು ವಸ್ತು, ಅವಧಿ ಮೀರಿದೆ.

"ಅವಧಿ ಮೀರಿದೆ ಅಂತ ಹಾಕಿ. ಅದೊಂದು ಸುಳ್ಳಲ್ಲ," ಎಂದರು. ಅಷ್ಟು ಹೊತ್ತಿನಲ್ಲಿ ಅವರ ಮುಖದಲ್ಲಿ ನಗು ಕಂಡದ್ದು ಆಗ ಮಾತ್ರ. ನಾನು ಹಾಗೆಯೇ ಒತ್ತಿದೆ.

ಮೂರು ತಿಂಗಳು ತುಂಬುವ ಮೊದಲು ಪೇಪರಿನ ನಿಧನದ ಪುಟದಲ್ಲಿ ಅವರ ಫೋಟೋ ನೋಡಿದೆ. ಅಂತ್ಯಕ್ರಿಯೆಯ ದಿನ ಇಗರ್ಜಿಯ ಹೊರಗೆ ನಿಂತೆ. ಟೀಚರು ಕಂಡಳು, ತಲೆಯಾಡಿಸಿದಳು. ನಮ್ಮ ಅಂಗಡಿಗೆ ಆಮೇಲೆ ಬರಲಿಲ್ಲ.

ಮಂಚ ಮತ್ತು ಗಾಲಿಕುರ್ಚಿಗಳ ಬಾಡಿಗೆ ಪುಸ್ತಕವನ್ನೂ ಸೇರಿಸಿಬಿಡು ಎಂದು ಮಾಲಕರು ಹೇಳಿದಾಗ ಅದನ್ನು ಕಂಕುಳಲ್ಲಿಟ್ಟುಕೊಂಡು ಬಿಕರ್ನಕಟ್ಟೆಯ ಬಸ್ಸು ಹತ್ತಿದೆ. ಬರೀ ಕಾಲು ಗಂಟೆಯ ದಾರಿ. ಮೊದಲ ಪುಸ್ತಕ ಹಿಡಿದು ಒಮ್ಮೆ ಇದೇ ಬಸ್ಸು ಹತ್ತಿದ್ದರೆ ಸಾಕಿತ್ತು.

ಆದದ್ದನ್ನೆಲ್ಲ ರೈಟರಿಗೆ ಹೇಳಿದೆ. ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆಯನ್ನು ಸವರಿದರು.

"ಖಾಲಿ ಬಿಟ್ಟದ್ದು ನಾನೇ ಮಾರಾಯ," ಎಂದರು ಕೊನೆಗೆ. "ನಂಬರ್ ಬರೆದ್ರೆ ಯಾರಾದ್ರೂ ರೋಗಿಗೇ ಫೋನ್ ಮಾಡ್ತಾರೆ. ಅದಕ್ಕೇ ಬರೀಲಿಲ್ಲ. ನಿನಗೆ ಹೇಳಿ ಬರ್ಬೇಕಿತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಅವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ನಂಬರು ಖಾಲಿ ಇದ್ದ ಸಾಲುಗಳ ಹೆಸರುಗಳನ್ನು ನಾನು ಓದಿದೆ, ಅವರು ಒಂದೊಂದೇ ಹೇಳಿದರು. ಈ ಮನೆಯ ಅಜ್ಜಿಗೆ ಮಗ ಸತ್ತದ್ದು ಗೊತ್ತಿಲ್ಲ, ಸೊಸೆಗೆ ಮಾತ್ರ ಫೋನ್ ಮಾಡು. ಇವರು ಮಂಚ ಒಯ್ದದ್ದು ಕೆಳಗಿನ ಮನೆಯ ಅಣ್ಣನಿಗೆ ತಿಳಿಯಬಾರದು. ಒಂದು ಹೆಸರಿಗೆ ಬಂದಾಗ ತಡೆದರು. ಎರಡು ಸಲ ಓದಿಸಿದರು.

"ಇದು ನಾನು ನಿಜವಾಗಿ ಮರೆತದ್ದೋ, ಬೇಕೆಂದು ಬಿಟ್ಟದ್ದೋ... ನೆನಪಿಲ್ಲ."

ಅಂಥ ಸಾಲುಗಳಲ್ಲೆಲ್ಲ ಈಗ ಅಂಗಡಿಯ ನಂಬರನ್ನೇ ಹಾಕಿದ್ದೇನೆ. ಆ ಮನೆಗಳಿಗೆ ಹೋಗಬೇಕಾದ ಮೆಸೇಜುಗಳೆಲ್ಲ ನನ್ನ ಮೇಜಿನ ಮೇಲಿನ ಫೋನಿಗೆ ಬರುತ್ತವೆ. ಒಂದೊಂದನ್ನೂ ಓದುತ್ತೇನೆ. ಆಮೇಲೆ ಯಾರಿಗೆ ಹೇಳಬೇಕೋ ಅವರಿಗೆ ಫೋನ್ ಮಾಡಿ, ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಮೊದಲು ಕೇಳುತ್ತೇನೆ.