ಒಂದೇ ಹಿಡಿಯ ಕಾರು

೧೯೮೪ನೇ ಇಸವಿ, ಮೇ ೧೭, ಗುರುವಾರ, ಬೆಳಗಿನ ಹತ್ತು ಗಂಟೆ ಹತ್ತು ನಿಮಿಷ. ಲಕ್ಷ್ಮೇಶ್ವರದ ಒಂದು ಮದುವೆ ಮನೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ, ಅಪ್ಪ ನನ್ನನ್ನು ಕಾರಿನೊಳಗೇ ಬಿಟ್ಟು ಬಾಗಿಲಿಗೆ ಕೀಲಿ ಹಾಕಿದ.

"ಐದ ನಿಮಿಷ ಕುಂಡ್ರವಾ. ಉಣ್ಣದ ಹೋದ್ರ ಬೀಗರು ಸಿಟ್ಟಾಗ್ತಾರ. ಉಂಡು ಬಂದವನ ಶಿರಹಟ್ಟಿಗೆ ಬಿಡತೇನಿ."

ಶಿರಹಟ್ಟಿಯಲ್ಲಿ ಹನ್ನೆರಡು ಗಂಟೆಗೆ ನನಗೆ ಬಾಲವಾಡಿ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನವಿತ್ತು. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತಿದ್ದವಳಿಗೆ ಬಂದ ಮೊದಲ ಕರೆ ಅದು. ಈ ಸಲ ಕೆಲಸ ಸಿಗದಿದ್ದರೆ ದೀಪಾವಳಿಯೊಳಗೆ ಮದುವೆ ಮಾಡಿಬಿಡುವುದು ಎಂದು ಅವ್ವ ಅಪ್ಪ ಮಾತಾಡಿಕೊಂಡದ್ದನ್ನು ನಾನು ಕೇಳಿಸಿಕೊಂಡಿದ್ದೆ. ನಾನು ಬೆಟಗೇರಿಯಿಂದ ಬಸ್ಸಿಗೆ ಹೋಗುತ್ತೇನೆ ಎಂದಿದ್ದೆ. ಹೇಗೂ ಮದುವೆಯವರನ್ನು ಬಿಡಲು ಗಾಡಿ ಅತ್ತ ಹೊರಟಿದೆ, ಕಾಯಲೂ ಒಬ್ಬರು ಬೇಕು ಎಂದು ಅಪ್ಪ ಒಪ್ಪಲಿಲ್ಲ.

ಕಾಯುವ ಕತೆ ಹೇಳಬೇಕು. ನಮ್ಮದು ಬಾಡಿಗೆಗೆ ಓಡುವ ಹಳೆಯ ಅಂಬಾಸಿಡರ್. ಹಿಂದಿನ ವರ್ಷ ಗದಗಿನಲ್ಲಿ ನಿಲ್ಲಿಸಿದ ಗಾಡಿಗಳ ಸಾಮಾನು ಕಳುವಾಗತೊಡಗಿತ್ತು. ನಮ್ಮದರಲ್ಲಿ ಮೊದಲು ಬ್ಯಾಟರಿ ಹೋಯಿತು. ಅಪ್ಪ ಬಾನೆಟ್ಟಿಗೆ ಕೊಂಡಿ ಬೆಸೆಸಿ ಕೀಲಿ ಹಾಕಿದ. ಆಮೇಲೆ ಡಿಕ್ಕಿಯಿಂದ ಸ್ಟೆಪ್ನಿ ಹೋಯಿತು. ಡಿಕ್ಕಿಗೂ ಕೊಂಡಿ ಬಂತು. ಮೂರನೆಯ ಸಲ ಮುಂದಿನ ಬಾಗಿಲಿನ ಮೂರು ಮೂಲೆಯ ಸಣ್ಣ ಗಾಜನ್ನು ನೂಕಿ, ಕೈ ಒಳಗೆ ಹಾಕಿ ಬಾಗಿಲು ತೆಗೆದು, ಹಿಂದಿನ ಸೀಟನ್ನೇ ಹೊತ್ತುಕೊಂಡು ಹೋಗಿದ್ದರು. ಬೆನ್ನು ಆನಿಸುವ ಭಾಗವನ್ನೂ ಬಿಟ್ಟಿರಲಿಲ್ಲ. ಅವ್ವ ಅಂದಳು, "ಪಾಪ, ಕಳ್ಳರು ಕುಂತ ಉಣ್ಣಾಕ ಒಯ್ದಿರಬೇಕು."

ಅಪ್ಪ ನಗಲಿಲ್ಲ. ಆ ಸಣ್ಣ ಗಾಜುಗಳಿಗೆ ಕಬ್ಬಿಣದ ಪಟ್ಟಿ ಹೊಡೆಸಿದ. ಹಿಂದೆ ಪ್ಲೈವುಡ್ ಹಲಗೆ ನಿಲ್ಲಿಸಿ, ತಂತಿಯಿಂದ ಕಟ್ಟಿ, ಮುಂದೆ ಗಾದಿ ಹಾಕಿಸಿದ. ಕೊನೆಗೆ ನಾಲ್ಕೂ ಬಾಗಿಲಿನ ಒಳಹಿಡಿಗಳನ್ನು ಕಿತ್ತುಬಿಟ್ಟ. ಕಿಟಕಿ ಇಳಿಸುವ ಹಿಡಿಗಳೂ ಹೋದವು. ಗಾಜುಗಳು ಎರಡು ಬೆರಳು ಸಂದಿ ಬಿಟ್ಟು ಹಾಗೇ ನಿಂತವು. ಉಳಿದದ್ದು ಒಂದೇ ಒಂದು ಬಾಗಿಲ ಹಿಡಿ, ಅಪ್ಪನ ಕೋಟಿನ ಕಿಸೆಯಲ್ಲಿ. ಇಳಿಯುವಾಗ ಅದನ್ನು ಚುಚ್ಚಿ ತಿರುವಿ ತಾನು ಇಳಿದು, ಮತ್ತೆ ಕಿಸೆಗೆ ಹಾಕಿಕೊಳ್ಳುವನು. ಉಳಿದವರು ಅವನು ತೆಗೆಯುವ ತನಕ ಕಾಯಬೇಕು. "ಈಗ ಕಳ್ಳ ಕೈ ಹಾಕಿದ್ರೂ ಹಿಡಿಯಾಕ ಏನೈತಿ?" ಎಂದು ಬಂದವರಿಗೆಲ್ಲ ತೋರಿಸುವನು.

ಅಷ್ಟಾದರೂ ಅವನಿಗೆ ಧೈರ್ಯ ಸಾಲದು. ಡಂಬಳ, ಲಕ್ಕುಂಡಿ, ಮುಂಡರಗಿ, ಬಾಡಿಗೆ ಎಲ್ಲಿಗೇ ಇರಲಿ, ಒಳಗೆ ನಾನು ಕೂತಿರಬೇಕು. ಆ ಬೇಸಿಗೆಯಲ್ಲಿ ಲಕ್ಷ್ಮೇಶ್ವರ ಹನ್ನೊಂದನೆಯದು, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಐದು ನಿಮಿಷ ಮುಗಿದು ಅರ್ಧ ತಾಸಾಯಿತು. ನೆರಳು ಬಾನೆಟ್ಟಿನ ಮೇಲಿಂದ ಜಾರಿತು. ನನ್ನ ತೊಡೆಯ ಮೇಲೆ ಅಂಕಪಟ್ಟಿಗಳ ಲಕೋಟೆ, ಮೈಮೇಲೆ ಅಕ್ಕನ ಇಸ್ತ್ರಿ ಮಾಡಿದ ಸೀರೆ. ಬೆನ್ನು ಬೆವರಿ ಗಾದಿಗೆ ಅಂಟಿತ್ತು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು.

"ಮದುಮಗಳು ಇಲ್ಲೇ ಅದಾಳಲೇ!"

"ಅಲ್ಲೋ, ಆಕಿ ಒಳಗ ಅಕ್ಕಿಕಾಳಿಗೆ ಕುಂತಾಳ. ಈಕಿ ಎರಡನೇದಾಕಿ."

ಒಬ್ಬ ಅಜ್ಜಿ ಬಂದು ಗಾಜು ತಟ್ಟಿದಳು. "ಯಾಕವಾ, ಸಿಟ್ಟಾಗಿಯೇನು? ಉಣ್ಣಾಕ ಬಾ."

"ಸಿಟ್ಟಲ್ಲರಿ ಅಜ್ಜಿ, ಹೊರಗ ಬರಾಕ ಆಗೂದಿಲ್ಲ. ನಮ್ಮಪ್ಪನ್ನ ಕರೀರಿ, ಡ್ರೈವರ್ ಅದಾನ."

ಅಜ್ಜಿ ಹೋದಳು. ಅಪ್ಪನ ಬದಲು ಹೋಳಿಗೆ ತಂದಳು. ಮಡಚಿ ಸಂದಿಯಿಂದ ತೂರಿಸಿದಳು. ತುಪ್ಪ ಗಾಜಿನ ಮೇಲೆ ಇಳಿದು ಲಕೋಟೆಯ ಮೇಲೆ ಬಿತ್ತು. ನಾನು ತಿನ್ನುತ್ತ ಅತ್ತೆ. ಹೋಳಿಗೆ ಚೆನ್ನಾಗಿತ್ತು.

ಹನ್ನೊಂದಕ್ಕೆ ಅಪ್ಪ ಬಂದ. ಕೋಟಿರಲಿಲ್ಲ, ಅಂಗಿಯ ಮೇಲೆ ಸಾರಿನ ಕಲೆ. ನಮ್ಮ ಕಡೆಯ ಮದುವೆಯಲ್ಲಿ ಗುರುತಿನವರು ಬರೀ ಉಂಡು ಏಳುವಂತಿಲ್ಲ. ಒಂದು ಪಂಕ್ತಿಗಾದರೂ ಬಡಿಸಬೇಕು. ಯಾರೋ ಸಾರಿನ ಬಕೆಟ್ಟು ಕೈಗಿಟ್ಟರು, ಅಪ್ಪ ಕೋಟನ್ನು ಪಡಸಾಲೆಯ ಗೂಟಕ್ಕೆ ಹಾಕಿ ಬಡಿಸಲು ಹೋದ. ತಿರುಗಿ ಬಂದರೆ ಗೂಟದಲ್ಲಿ ಬೇರೊಬ್ಬರ ಕಂದು ಕೋಟು ಉಳಿದಿತ್ತು. ಅದರ ಕಿಸೆಯಲ್ಲಿ ಅಡಿಕೆ ಮಾತ್ರ. ಅಪ್ಪನ ಕೋಟು ತೊಟ್ಟವರು ಯಾವ ಬಸ್ಸಿಗೆ ಹೋದರೋ, ಹಿಡಿಯೂ ಕೀಲಿಕೈ ಗೊಂಚಲೂ ಅವರ ಜೊತೆ ಹೋಗಿದ್ದವು.

"ಮನ್ಯಾಗ ಇನ್ನೊಂದು ಕೀಲಿಕೈ ಐತಿ," ಅಂದ ಅಪ್ಪ, ಸಂದಿಗೆ ಬಾಯಿ ಹಚ್ಚಿ. "ಬೆಟಗೇರಿಗೆ ಆಳ ಕಳಸತೇನಿ."

"ಅದು ಬರೂದ್ರಾಗ ಸಂಜಿ ಆಗತೈತಿ. ಗಾಜ ಒಡಿ ಅಪ್ಪಾ."

"ಗಾಜ ಹುಬ್ಬಳ್ಳಿಯಿಂದ ತರಬೇಕು. ವಾರ ಗಾಡಿ ನಿಂತ್ರ ಲಗ್ನದ ಬಾಡಗಿ ಎಲ್ಲಾ ಹೋತು."

ಅವನು ಕಾರಿನ ಸುತ್ತ ತಿರುಗಿದ. ಪಟ್ಟಿ ಎಳೆದ, ಕೊಂಡಿ ಜಗ್ಗಿದ. ಯಾವುದೂ ಅಲುಗಲಿಲ್ಲ. ಎಲ್ಲವನ್ನೂ ಅಷ್ಟು ಗಟ್ಟಿಯಾಗಿ ಮಾಡಿಸಿದವನು ಅವನೇ. ಗಾಜಿನ ಆಚೆ ಅವನ ಮುಖ ಅಷ್ಟು ಹತ್ತಿರವಿತ್ತು. ನನ್ನ ಹನ್ನೆರಡು ಗಂಟೆಯ ಮಾತು ಅದರಲ್ಲಿ ಎಲ್ಲೂ ಕಾಣಲಿಲ್ಲ.

ಬೆನ್ನು ಒರಗಿಸಿದಾಗ ಹಿಂದಿನ ಹಲಗೆ ಕಿರ್ರೆಂದಿತು. ಅದರ ಆಚೆ ಡಿಕ್ಕಿ! ಗಾದಿ ಕಿತ್ತು ಮುಂದೆ ಎಸೆದೆ. ತಂತಿಯನ್ನು ಬೆರಳಿನಿಂದ ಬಿಚ್ಚಿದೆ. ಉಗುರು ಹರಿದು ರಕ್ತ ಬಂತು.

"ಅಪ್ಪಾ, ಡಿಕ್ಕಿ ಕೀಲಿ ಒಡಸು! ಗಾಜಿಗೆ ಏನೂ ಆಗೂದಿಲ್ಲ!"

"ಅದು ಭಾರೀ ಕೀಲಿ. ಕಳ್ಳರಿಗೂ ಒಡ್ಯಾಕ ಆಗಿಲ್ಲ."

ಅಷ್ಟರಲ್ಲಿ ಯಾರೋ ಕರೆಸಿದ ಸೈಕಲ್ ಅಂಗಡಿಯವನು ಸುತ್ತಿಗೆ, ಚಾಣ ಹಿಡಿದು ಬಂದು ಕೀಲಿಯನ್ನು ತೂಗಿ ನೋಡಿದ. "ಕಳ್ಳರು ಸಪ್ಪಳ ಮಾಡಬಾರ್ದರಿ ಮಾವಾರ. ನಾ ಎಷ್ಟರ ಮಾಡಬಹುದು."

ಹೊಡೆತ ಕಾರಿನ ಮೈಗೆಲ್ಲ ಹರಿದು ನನ್ನ ಹಲ್ಲಿಗೆ ಬಂತು. ಡಿಕ್ಕಿ ತೆರೆಯಿತು. ಲಕೋಟೆಯನ್ನು ಮೊದಲು ನೂಕಿ, ಸ್ಟೆಪ್ನಿಯ ಮೇಲೆ ತೆವಳಿ, ತಲೆ ಹೊರಗೆ ಹಾಕಿದೆ. ಮದುವೆಗೆ ಬಂದವರೆಲ್ಲ ಅಲ್ಲೇ ನೆರೆದಿದ್ದರು.

"ಹುಟ್ಟಿತು ನೋಡ್ರೆವಾ, ಹೆಣ್ಣ ಕೂಸು!" ಅಂದಳು ಹೋಳಿಗೆಯ ಅಜ್ಜಿ. ವಾಲಗದವರೂ ನಕ್ಕರು.

ನಾನು ನಿಲ್ಲಲಿಲ್ಲ. ಸೀರೆಗೆ ಗ್ರೀಸು ಮೆತ್ತಿಕೊಂಡೇ ಬಸ್ ನಿಲ್ದಾಣಕ್ಕೆ ಓಡಿದೆ. ಶಿರಹಟ್ಟಿಯ ಬಸ್ಸು ಬಂದದ್ದು ಹನ್ನೆರಡೂಕಾಲಿಗೆ. ತಲುಪಿದಾಗ ಜವಾನ ಕುರ್ಚಿಗಳನ್ನು ಒಳಗೆ ಎಳೆಯುತ್ತಿದ್ದ. "ಮುಗೀತವಾ. ಸಾಹೇಬರು ಈಗ ಎದ್ರು." ಏಕೆ ತಡವಾಯಿತು ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಹೇಗೆ ಹೇಳುವುದು?

ಸಂಜೆ ಲಕ್ಷ್ಮೇಶ್ವರಕ್ಕೆ ಮರಳಿದೆ. ಅಪ್ಪ ಕಾರಿನ ಪಕ್ಕದ ಕಟ್ಟೆಯ ಮೇಲೆ, ಬೆಟಗೇರಿಯ ಕೀಲಿಕೈಗೆ ಕಾಯುತ್ತ ಕುಳಿತಿದ್ದ. ನಾನು "ಮುಗದಿತ್ತು" ಅಂದೆ. ಅವನು ತನ್ನದಲ್ಲದ ಕೋಟನ್ನು ಕೊಡವಿ ನನಗೆ ಕೂರಲು ಹಾಸಿದ. ಕೀಲಿಕೈ ಬಂದ ಮೇಲೆ ಬೆಟಗೇರಿಗೆ ಹೊರಟೆವು.

ಮೂರು ದಿನದ ಮೇಲೆ ಬೆಟಗೇರಿಯ ಕಮ್ಮಾರರ ಕಡೆಯಿಂದ ಹಿಡಿ ಮಾಡಿಸಿಕೊಂಡು ಬಂದ, ಎರಡು. ಒಂದನ್ನು ಕಿಸೆಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಪುಸ್ತಕಗಳ ಮೇಲೆ ಇಟ್ಟ. "ದೀಪಾವಳಿ ಮಾತು ಸದ್ಯ ಬ್ಯಾಡ," ಎಂದು ಅವ್ವನಿಗೆ ಹೇಳಿದ್ದು ಅಡುಗೆಮನೆಯಿಂದ ಕೇಳಿಸಿತು. ಸದ್ಯ ಅಂದರೆ ಎಷ್ಟು ದಿನ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಮುಂಡರಗಿಯ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಅದಕ್ಕೆ ಬಸ್ಸಿನಲ್ಲೇ ಹೋಗುವವಳು.

ಆ ದಿನ ಲಕ್ಷ್ಮೇಶ್ವರದ ಮದುವೆಯಿಂದ ತಮ್ಮ ಕಂದು ಕೋಟು ಬಿಟ್ಟು, ತಪ್ಪಿ ಅಪ್ಪನ ಕೋಟು ತೊಟ್ಟು ಹೋದವರು, ಅಥವಾ ಅವರನ್ನು ಬಲ್ಲವರು ಇದನ್ನು ಓದಿದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಕೋಟು ನಿಮಗೇ ಇರಲಿ. ಕಿಸೆಯಲ್ಲಿ ಸಿಕ್ಕ ಆ ಹಿಡಿ ಯಾವುದರದ್ದೆಂದು ನೀವು ಅಂದುಕೊಂಡಿರಿ, ಅದಷ್ಟು ತಿಳಿಸಿ.