ಎಡಗಡೆಯ ಖಾಲಿ ಜಾಗ

ಗರಗಸದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರು ಮೈದಾನದಲ್ಲೂ ಮಾತಾಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ದಾಂಡೇಲಿಗೆ ಬಂದ ಮೊದಲ ಸಂಜೆಯೇ. ಅರವತ್ತರ ದಶಕದ ನಡುವಿನ ಮಾತು. ಅಲ್ಲಿ ಕಟ್ಟಿಗೆ ಕೊರೆಯುವ ಗಿರಣಿಯೊಂದರ ಮಾಲಕರಿಗೆ ಫುಟ್‌ಬಾಲಿನ ಹುಚ್ಚಿತ್ತು. ಹುಬ್ಬಳ್ಳಿ, ಬೆಳಗಾವಿ, ಗೋವೆಯ ಕಡೆಯಿಂದ ನುರಿತ ಆಟಗಾರರನ್ನು ಹುಡುಕಿ ತಂದು ಗಿರಣಿಯಲ್ಲಿ ಕೆಲಸ ಕೊಟ್ಟಿದ್ದರು. ಬೆಳಿಗ್ಗೆ ಗರಗಸ, ಸಂಜೆ ಚೆಂಡು, ಎರಡಕ್ಕೂ ಸೇರಿ ಒಂದೇ ಪಗಾರ. ಹಳಿಯಾಳದ ಒಂದು ಪಂದ್ಯದಲ್ಲಿ ನನ್ನ ಓಟ ನೋಡಿ ನನ್ನನ್ನೂ ಕರೆಸಿಕೊಂಡರು. ಆದರೆ ಕಾಯಂ ಅಲ್ಲ. ಬೆಳಗಾವಿಯ ಟೂರ್ನಮೆಂಟಿನ ಹೊತ್ತಿಗೆ ತಂಡದಲ್ಲಿ ಜಾಗ ಸಿಕ್ಕರೆ ನೌಕರಿ, ಸಿಗದಿದ್ದರೆ ಹಳಿಯಾಳದ ಮಗ್ಗುಲಿನ ನಮ್ಮ ಹಳ್ಳಿಗೆ, ಅಪ್ಪನ ಗದ್ದೆಗೆ ವಾಪಸ್ಸು.

ಹೊರಡುವ ದಿನ ಅಪ್ಪ ಬಂದವರ ಮುಂದೆಲ್ಲ ಚೇಷ್ಟೆ ಮಾಡಿದ್ದ. "ಎತ್ತು ಒದ್ದರ ಬಾರಕೋಲ ಏಟು. ನಮ್ಮಂವ ಒದ್ದರ ಪಗಾರ ಕೊಡ್ತಾರಂತ. ಕಾಲ ಕೆಟ್ಟೈತಿ." ನಾನು ಉರಿದುಬಿದ್ದು ಊಟವನ್ನೂ ಮಾಡದೆ ಬಸ್ಸು ಹತ್ತಿದ್ದೆ. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅದು ಬಹಳ ದೂರವೇನೂ ಹೋಗಿಲ್ಲ. ಸೋತು ಮನೆಗೆ ಹೋಗಿ ಆ ಮಾತನ್ನು ಇನ್ನೊಮ್ಮೆ ಕೇಳುವುದಿಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ.

ಮೈದಾನದ ಒಂದು ಬದಿಗೆ ದಿಮ್ಮಿಗಳ ರಾಶಿ, ಎಡಬದಿಗೆ ಬಿದಿರ ಮೆಳೆ, ಮೆಳೆಯ ಆಚೆ ಕಾಳಿ ನದಿ. ಮೊದಲ ಸಂಜೆ ನಾನು ಎಡಗಡೆ ಸ್ವಲ್ಪ ಒಳಗೆ, ನನಗೆ ರೂಢಿಯಿದ್ದ ಜಾಗದಲ್ಲಿ ನಿಂತು, "ಇತ್ಲಾಗ ಕೊಡ್ರಿ, ಇತ್ಲಾಗ" ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಕೋಣನ ಮುಂದೆ ಕಿನ್ನರಿ. ಗಿರಣಿಯಲ್ಲಿ ಕೂಗಿದರೆ ಕೇಳುವುದಿಲ್ಲವಾದ್ದರಿಂದ ಅವರು ಕೂಗುವುದನ್ನೇ ಬಿಟ್ಟಿದ್ದರು. ಕಿವಿಗಳೂ ಅರ್ಧಕ್ಕರ್ಧ ಹೋಗಿದ್ದವು. ಯಾರು ಎಲ್ಲಿರುತ್ತಾರೆ ಎಂಬುದು ಅವರಿಗೆ ಮೈಗತವಾಗಿತ್ತು. ತಲೆ ಎತ್ತದೆ ಒದೆಯುತ್ತಿದ್ದರು, ಚೆಂಡು ಹೋಗಿ ಸರಿಯಾಗಿ ಆ ಮನುಷ್ಯನ ಕಾಲಿಗೇ ಬೀಳುತ್ತಿತ್ತು. ಅಷ್ಟು ಜನ ಗಂಡಸರು ಉಸಿರಿನ ಮತ್ತು ಬೂಟಿನ ಸದ್ದು ಮಾತ್ರ ಮಾಡುತ್ತ ಓಡಾಡುತ್ತಿದ್ದರು, ನಾನೊಬ್ಬನೇ ಮುಂದಿನ ದಿನಗಳಲ್ಲೂ ಅದೇ ಜಾಗದಲ್ಲಿ ನಿಂತು ಕೂಗುತ್ತಿದ್ದೆ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ನಡುಮೈದಾನದಲ್ಲಿ ಆಡುತ್ತಿದ್ದ ಕ್ಯಾಪ್ಟನ್ ಧಾರವಾಡದ ಕಡೆಯವರು, ದೊಡ್ಡ ಗರಗಸದ ಮೇಸ್ತ್ರಿ. ಅವರ ಕಾಲಿಗೆ ಬಂದ ಚೆಂಡು ಮೈದಾನದ ಎಡಗಡೆಯ ಗೆರೆಯ ಅಂಚಿಗೆ, ಯಾರೂ ಇಲ್ಲದ ಕಡೆಗೆ ಹೋಗುತ್ತಿತ್ತು. ಒಮ್ಮೆಯಲ್ಲ, ದಿನವೂ. ಒದ್ದ ಮೇಲೆ ಅತ್ತ ನೋಡಿ ಒಂದಿಷ್ಟು ನಗುತ್ತಿದ್ದರು. ಚೆಂಡು ಮೆಳೆಯೊಳಗೆ ಹೊಕ್ಕಾಗ ಆ ನಗು ಹೋಗಿಬಿಡುತ್ತಿತ್ತು. ಮೈಕೈ ತರಚಿಕೊಂಡು ಚೆಂಡು ಹುಡುಕಿ ತರುವವನು ನಾನು.

ನಮ್ಮ ಗೋಲ್‌ಕೀಪರ್ ದಾಂಡೇಲಿಯವರೇ, ಸಾಬರು, ತಂಡದಲ್ಲಿ ಮಾತು ಉಳಿಸಿಕೊಂಡಿದ್ದ ಒಬ್ಬರೇ ಒಬ್ಬರು. ಅವರಿಗೆ ಗರಗಸದ ಕೆಲಸವಿರಲಿಲ್ಲ, ಲಾರಿಗೆ ಹಲಗೆ ಹೇರಿಸುತ್ತಿದ್ದರು. ಚಹಾದಂಗಡಿಯಲ್ಲಿ ಅವರನ್ನು ಹಿಡಿದು ಕೇಳಿದೆ.

"ಅಲ್ಲಿ ನಿನಗಿಂತ ಮೊದಲ ಒಬ್ಬಾಂವ ಇದ್ದ ಭಾಯಿ," ಎಂದರು. "ಆಟ ಮುಗದ ಮ್ಯಾಲ ಎಲ್ಲಾರೂ ಹೊಳಿಗೆ ಇಳೀತಿದ್ರು. ಮಳಿಗಾಲದ ಹೊಸ ನೀರು. ಅವಂಗ ಸೆಳವು ಹಿಡೀತು. ಒದರ್‍ಯಾನ. ಆಚಿ ದಂಡ್ಯಾಗಿನ ಅಂಬಿಗಗ ಕೇಳಸೇತಿ. ಇವರು ಇಲ್ಲೇ, ಹಗ್ಗಾ ಒಗದ್ರ ಮುಟ್ಟೂವಷ್ಟು ದೂರದಾಗ ಬೆನ್ನು ತಿರುವಿ ಮೈ ಒರಸ್ಕೋತ ನಿಂತಿದ್ರು. ಒಬ್ಬರಿಗೂ ಕೇಳಸ್ಲಿಲ್ಲ. ಮುಂದ ಹೋಗಿರಬೇಕು ಅಂತ ಮನಿಗೆ ಹೋದ್ರು. ಅಂಬಿಗ ದೋಣಿ ಹಾಕ್ಕೊಂಡು ಬರೂದ್ರಾಗ ಎಲ್ಲಾ ಮುಗದಿತ್ತು."

"ನೀವು ಎಲ್ಲಿದ್ರಿ?"

"ಅವತ್ತ ನನಗ ಜ್ವರ. ಮನ್ಯಾಗಿದ್ದೆ." ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನದಿಂದ ನಾನು ಎಡಗೆರೆಯ ಅಂಚಿಗೇ ಓಡತೊಡಗಿದೆ. ನೌಕರಿ ಬೇಕಾಗಿತ್ತು, ಚೆಂಡು ಹೋಗುವ ಕಡೆ ಇರಬೇಕು ತಾನೆ? ಆದರೆ ಚೆಂಡು ನನಗಿಂತ ಒಂದು ಹೆಜ್ಜೆ ಮುಂದೆಯೇ ಬೀಳುತ್ತಿತ್ತು. ಸತ್ತವನ ಕಾಲು ನನಗಿಂತ ಉದ್ದವಿದ್ದಿರಬೇಕು. ದಿನ ಕಳೆದಂತೆ ನನಗೂ ಮೆಳೆಗೂ ನಡುವೆ ಇನ್ನೊಬ್ಬ ಓಡುತ್ತಿದ್ದಾನೆ ಅನ್ನಿಸತೊಡಗಿತು. ತಿರುಗಿದರೆ ಯಾರೂ ಇಲ್ಲ, ಬಿದಿರೆಲೆ ಮಾತ್ರ. ಹೆದರಿದ್ದೆ, ಸುತ್ತಿ ಬಳಸಿ ಹೇಳುವುದೇಕೆ? ಹೆದರಿಕೆಯ ಬೆನ್ನಿಗೇ ಅವನ ಮೇಲೆ ಸಿಟ್ಟೂ ಬರುತ್ತಿತ್ತು. ಮುಖ ಕಾಣದ ಮನುಷ್ಯನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಿದ್ದೇನೆ. ಸತ್ತರೂ ಜಾಗ ಬಿಡದವನು ಎಂದು.

ಟೂರ್ನಮೆಂಟು ಹತ್ತಿರ ಬಂತು. ಯಾರನ್ನು ಕರೆದೊಯ್ಯಬೇಕೆಂದು ಮಾಲಕರಿಗೆ ಹೇಳುವವರು ಕ್ಯಾಪ್ಟನ್. ಒಂದು ಸಂಜೆ ಚೆಂಡು ಮತ್ತೆ ನನ್ನ ಮುಂದೆ ಹಾದು ಮೆಳೆಗೆ ಹೋದಾಗ ನನ್ನ ತಾಳ್ಮೆ ಕಡಿಯಿತು. ಮರಳಿ ನನ್ನ ಹಳೆಯ ಜಾಗಕ್ಕೆ ಬಂದು ನಿಂತೆ. ಮುಂದಿನ ಚೆಂಡು ಬಂದಾಗಲೂ ಕದಲಲಿಲ್ಲ. ಕ್ಯಾಪ್ಟನ್ ನಡೆದು ಬಂದರು.

"ಯಾಕ ಓಡ್ಲಿಲ್ಲ?"

"ನಾ ಅವ ಅಲ್ಲರಿ," ಎಂದೆ. ಅವರು ಕಿವಿ ಮುಂದೆ ಮಾಡಿದರು. ಕೇಳಿಸಿರಲಿಲ್ಲ.

ಮೆಲ್ಲಗೆ ಆಡಬೇಕಾದ ಮಾತನ್ನು ಕಿವುಡರ ಮುಂದೆ ಅರಚಬೇಕಾಗುತ್ತದೆ. ಅವರ ಕಿವಿಗೆ ಬಾಯಿ ಹಚ್ಚಿ ಒದರಿದೆ. "ನಾ ಅವ ಅಲ್ಲರಿ. ಅವ ಸತ್ತಾನ. ನಾ ಇಲ್ಲಿ ನಿಂತೇನಿ." ದಿಮ್ಮಿಗಳ ಮೇಲೆ ಕೂತು ಬೀಡಿ ಸೇದುತ್ತಿದ್ದವರೂ ಎದ್ದು ನಿಂತರು. ಮುಗಿಯಿತು, ನಾಳೆ ಗಂಟು ಕಟ್ಟುವುದೇ ಎಂದುಕೊಂಡೆ.

ಕ್ಯಾಪ್ಟನ್‌ಗೆ ಸಿಟ್ಟು ಬರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತು, "ಇಷ್ಟ ಜೋರ ಅವನೂ ಒದರಿರಬೇಕಲ್ಲ?" ಎಂದರು. ಆಮೇಲೆ, "ರವಿವಾರ ಹೊಳಿಗೆ ಬಾ. ಒಬ್ಬನ ಬಾ."

ರವಿವಾರ ಗಿರಣಿಗೆ ರಜೆ. ಮಧ್ಯಾಹ್ನ ಹೊಳೆಯ ದಂಡೆಗೆ ಹೋದೆ. ಅವರು ಧೋತರ, ಬಿಳಿ ಅಂಗಿ ಹಾಕಿಕೊಂಡು, ಯಾರದೋ ಮನೆಗೆ ಮಾತಾಡಿಸಲು ಹೊರಟವರ ಹಾಗೆ ಬಂದಿದ್ದರು. ಒಂದು ಬಂಡೆ ತೋರಿಸಿ, "ನಾ ಇಲ್ಲಿ ನಿಂತಿದ್ದೆ ತಮ್ಮಾ," ಎಂದರು. "ಅವತ್ತ ನನಗ ಏನೋ ಕೇಳಿಸಿದಂಗಾತು. ಗರಗಸದ ಸಪ್ಪಳ ಕಿವ್ಯಾಗ ಯಾವಾಗಲೂ ಇರತೈತಲ್ಲ, ಅದಽ ಅಂತ ಸುಮ್ಮಾದೆ. ತಿರುಗಿ ನೋಡ್ಲಿಲ್ಲ. ನನಗ ಕೇಳಿಸಿತ್ತೋ ಇಲ್ಲೋ, ಅದು ಗೊತ್ತಾಗಬೇಕು. ನೀ ನೀರಿಗಿಳದು ಕರಿ. ಅವ ನನಗ ಅಣ್ಣಾ ಅಂತಿದ್ದ."

ಬೇಸಿಗೆಗೆ ಇಳಿದ ನೀರು, ಸೊಂಟದ ಮಟ್ಟ. ಅವರು ತೋರಿಸಿದ ಕಡೆ ನಿಂತೆ. ಅವರು ಬಂಡೆಯ ಮೇಲೆ ಬೆನ್ನು ತಿರುಗಿಸಿ ನಿಂತರು. "ಅಣ್ಣಾ" ಎಂದು ಕರೆದೆ. ಇನ್ನೂ ಜೋರಾಗಿ, ಗಂಟಲು ಹರಿಯುವ ಹಾಗೆ ಕರೆದೆ. ಆಚೆ ದಂಡೆಯಲ್ಲಿ ಅಂಬಿಗ ಎದ್ದು ಹಣೆಗೆ ಕೈ ಹಚ್ಚಿ ನೋಡಿದ. ಆ ಬಿಳಿ ಅಂಗಿಯ ಬೆನ್ನು ಮಾತ್ರ ಅಲುಗಲಿಲ್ಲ. ಆ ಹೊತ್ತು ನನಗೆ ಆ ಸತ್ತವನ ಮೇಲಿದ್ದ ಸಿಟ್ಟೆಲ್ಲ ಹೋಯಿತು. ಅವನು ಕೊನೆಗೆ ಕಂಡದ್ದು ಇದನ್ನೇ, ಇಷ್ಟು ಹತ್ತಿರದ ಬೆನ್ನನ್ನು.

ಮೇಲೆ ಬಂದು ಭುಜ ಮುಟ್ಟಿದೆ.

"ಕರದ್ಯಾ?"

ಹೌದೆಂದು ತಲೆಯಾಡಿಸಿದೆ. "ಅಂಬಿಗಗ ಕೇಳಸೇತ್ರಿ," ಎಂದು ಕಿವಿಯಲ್ಲಿ ಒದರಿ ಆಚೆ ದಂಡೆ ತೋರಿಸಿದೆ. ಅವರಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ, ತಪ್ಪು ಅವರದಲ್ಲ, ಇನ್ನು ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವರು ಬಂಡೆಯ ಮೇಲೆ ಕುಸಿದು ಕೂತರು.

"ಹಂಗಾರ ಅವತ್ತ ಕೇಳಿಸಿದ್ದೇನು?" ಎಂದರು.

ಆಮೇಲೆ ಅವರು ಎದ್ದು, ಈ ಸಲ ಹೊಳೆಗೆ ಮುಖ ಮಾಡಿ ನಿಂತರು. "ಇನ್ನೊಮ್ಮೆ ಹೋಗು ತಮ್ಮಾ."

ಹೋದೆ. ಬಾಯಿ ತೆರೆದೆನಷ್ಟೆ, ಸ್ವರ ಹೊರಟಿತೋ ಇಲ್ಲವೋ ನನಗೇ ನೆನಪಿಲ್ಲ. ಅವರು "ಓ" ಎಂದು ಓಗೊಟ್ಟರು. "ಓ, ಬಂದೆ, ಬಂದೆ" ಎನ್ನುತ್ತ ಧೋತರ ಸಮೇತ ನೀರಿಗಿಳಿದು ಬಂದು ನನ್ನ ಮಣಿಕಟ್ಟು ಹಿಡಿದರು. ನೀರು ಸೊಂಟದ ಮೇಲಿರಲಿಲ್ಲ, ನಾನೇ ನಡೆದು ಬರಬಹುದಿತ್ತು. ಆದರೂ ಎಳೆಸಿಕೊಂಡೆ. ದಂಡೆಗೆ ಬಂದ ಮೇಲೂ ಅವರು ಬಹಳ ಹೊತ್ತು ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ನನ್ನನ್ನು ಬೆಳಗಾವಿಗೆ ಕರೆದೊಯ್ಯುವುದೆಂದು ಅವರು ಮಾಲಕರಿಗೆ ಆ ರವಿವಾರ ಸಂಜೆಯೇ ಹೇಳಿದ್ದರಂತೆ. ನನಗದು ಗೊತ್ತಿರಲಿಲ್ಲ. ಮರುದಿನ ಸಂಜೆ ಅವರ ಕಾಲಿಗೆ ಚೆಂಡು ಬಂದಾಗ ನಾನು ಯಾರೂ ಹೇಳದೆ ಎಡಗೆರೆಯ ಅಂಚಿಗೆ ಓಡಿದೆ, ನನಗಿಂತ ಉದ್ದ ಕಾಲಿನವನ ಹಾಗೆ ದೊಡ್ಡ ಹೆಜ್ಜೆ ಹಾಕಿ. ಕ್ಯಾಪ್ಟನ್ ಎಂದಿನಂತೆ ತಲೆ ಎತ್ತದೆ ಒದ್ದರು. ಚೆಂಡು ಅಂಚಿಗೆ ಬರಲಿಲ್ಲ. ನಾನು ದಿನವೂ ನಿಂತು ಕೂಗುತ್ತಿದ್ದ ಜಾಗಕ್ಕೆ, ಅಳೆದಿಟ್ಟಂತೆ ಹೋಗಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ.