ಪಾಲು ಮಾಡಿದವನು ಆರಿಸುವಂತಿಲ್ಲ

ನಿಮ್ಮ ಉದ್ಯೋಗವೇನು ಎಂದು ಯಾರಾದರೂ ಕೇಳಿದರೆ ಗೃಹಿಣಿ ಎಂದೇ ಹೇಳುತ್ತೇನೆ. ಆದರೆ ಭಾಗಮಂಡಲಕ್ಕೆ ಹೋಗುವ ರಸ್ತೆಯ ಬದಿಯ ನಮ್ಮ ಮನೆಯಲ್ಲಿ ಮೂರು ಕೋಣೆಗಳ ಹೋಮ್‌ಸ್ಟೇ ನಡೆಸಲು ತೊಡಗಿ ಹತ್ತು ವರ್ಷ ದಾಟಿದೆ. ಬಂದವರಿಗೆ ಅಡುಗೆ ಮಾಡಿ ಬಡಿಸುವುದು, ಹಾಸಿಗೆ ಒಗೆಯುವುದು, ಜಿಗಣೆ ಕಚ್ಚಿದರೆ ಉಪ್ಪು ಕೊಡುವುದು ನನ್ನ ಕೆಲಸ. ನಾನು ಹೇಳಹೊರಟಿರುವುದು ಕೊರೊನಾ ಕಾಲ ಕಳೆದು ಜನ ಮತ್ತೆ ಬರತೊಡಗಿದ ಎರಡನೆಯ ವರ್ಷದ ಫೆಬ್ರವರಿಯ ಸಂಗತಿ. ಕಾಫಿ ಪಿಕ್ಕಿಂಗ್ ಮುಗಿದಿತ್ತು. ಆ ಸಲ ಕಣದಲ್ಲಿ ಹರಡಿದ ಕಾಫಿ ಒಣಗುವವರೆಗೂ ಮಳೆ ಬೀಳಲಿಲ್ಲ. ಅಷ್ಟರ ಮಟ್ಟಿಗೆ ಕಾವೇರಮ್ಮ ಕಾಪಾಡಿದ್ದಳು.

ನಮ್ಮವರ ಚಿಕ್ಕಪ್ಪನ ಮಗ ಲೋಕೇಶ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಬ್ಯಾಂಡಿನ ಹೆಸರು ಕಾಟಿ. ಕಾಡೆಮ್ಮೆಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಗಿಟಾರ್ ನುಡಿಸಿ ಹಾಡುವವನು ಬೋಪಣ್ಣ. ಬ್ಯಾಂಡ್ ಕಟ್ಟಿದವನೂ ಅವನೇ, ಎಲ್ಲರಿಗಿಂತ ಹಿರಿಯನೂ ಅವನೇ. ಬಾಸ್ ಗಿಟಾರಿಗೆ ಮಡಿಕೇರಿಯ ಇಮ್ರಾನ್. ಕೀಬೋರ್ಡಿಗೆ ಸಿದ್ದಾಪುರ ಕಡೆಯ ಜೋಮನ್; ಅವನ ಮನೆಮಾತು ಮಲಯಾಳ. ಒಂದು ಹೊಸ ಆಲ್ಬಮ್ ರೆಕಾರ್ಡ್ ಮಾಡಲು ನಾಲ್ವರೂ ಒಂದು ವಾರಕ್ಕೆಂದು ಬಂದಿಳಿದರು. ನಮ್ಮ ಕಾಫಿ ಗೋಡೌನಿನಲ್ಲಿ ಮೂಟೆಗಳು ಇನ್ನೂ ಇದ್ದವು. ಗೋಣಿಮೂಟೆ ಇದ್ದರೆ ಸದ್ದು ಮಾರ್ದನಿಸುವುದಿಲ್ಲವಂತೆ. ಅದಕ್ಕಾಗಿ ಅವರಿಗೆ ಆ ಜಾಗವೇ ಬೇಕಾಗಿತ್ತು.

ಬ್ಯಾಂಡಿನ ಹಿಂದಿನ ಕತೆಯನ್ನು ಲೋಕೇಶ ಹೇಳಿದ. ಕಾಲೇಜಿನಲ್ಲಿದ್ದಾಗ ಅವರು ನುಡಿಸುತ್ತಿದ್ದದ್ದು ಬ್ಲೂಸ್ ರಾಕ್. ಅದೆಂಥದು ಎಂದು ಕೇಳಿದೆ.

"ಒಂದೇ ಮಾತನ್ನ ಎರಡು ಸಲ ಹೇಳುದು ಅತ್ತಿಗೆ, ಮೂರನೇ ಸಲಕ್ಕೆ ಅದಕ್ಕೆ ಉತ್ತರ ಹೇಳುದು. ಎಲ್ಲ ದುಃಖದ್ದೇ."

"ನಿನ್ನ ಅಣ್ಣನ ಹತ್ರ ನಾನು ಮಾತಾಡುದೂ ಹಾಗೇ ಅಲ್ವಾ" ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ.

ಆ ಹಾಡುಗಳನ್ನು ಆಗ ಹೆಚ್ಚು ಜನ ಕೇಳಲಿಲ್ಲ. ಆಮೇಲೆ ಜೋಮನ್ ಸೇರಿಕೊಂಡ. ಕೀಬೋರ್ಡಿನಲ್ಲಿ ಕುಣಿತದ ತಾಳ ತುಂಬಿಸಿ, ಕನ್ನಡ, ಮಲಯಾಳ, ಕೊಡವ ಮಾತು ಬೆರೆಸಿ ರಾಗ ಕಟ್ಟಿದ. ಕಾಟಿ ಬ್ಯಾಂಡ್ ಇಲ್ಲದ ಮದುವೆ ರಿಸೆಪ್ಷನ್ ಜಿಲ್ಲೆಯಲ್ಲಿ ಇಲ್ಲವೆನ್ನುವಂತಾಯಿತು. ನಮ್ಮ ನಾದಿನಿಯ ಮಗಳ ಮದುವೆಯಲ್ಲಿ ಮಂಡಿನೋವಿನ ಅಜ್ಜಿಯಂದಿರೂ ಎದ್ದು ಕುಣಿದದ್ದನ್ನು ನಾನೇ ನೋಡಿದ್ದೇನೆ. ಈಗ ಬೋಪಣ್ಣನಿಗೆ ಅದು ಸಾಕಾಗಿತ್ತು. ಮೊದಲಿನ ದನಿಗೇ ಮರಳಬೇಕು, ಯಂತ್ರದ ತಾಳ ಬೇಡ, ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕು ಎಂಬುದು ಅವನ ಹಟ. ಇದನ್ನು ಲೈವ್ ಟೇಕ್ ಎನ್ನುತ್ತಾರೆ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು.

ಹೊಸ ಹಾಡುಗಳಲ್ಲಿ ಜೋಮನ್‌ಗೆ ಕೆಲಸವೇ ಇರಲಿಲ್ಲ. ಒಂದು ಹಾಡಿನ ನಡುವೆ ಎರಡು ಕಡೆ ಬೆರಳಾಡಿಸಿದರೆ ಮುಗಿಯಿತು. ಎರಡನೆಯ ದಿನವೇ ಅವನು ಅಡುಗೆಮನೆಗೆ ಬಂದು ನಿಂತ.

"ಚೇಚೀ, ಎಂತಾದ್ರೂ ಕೆಲಸ ಕೊಡಿ." ಅಕ್ಕನಿಗೆ ಅವನ ಮಾತಿನಲ್ಲಿ ಚೇಚಿ.

"ಗೆಸ್ಟಿಗೆ ಕೆಲಸ ಕೊಟ್ರೆ ನನಗೆ ಒಳ್ಳೇದಾಗುದಿಲ್ಲ."

"ನಾನು ಗೆಸ್ಟ್ ಅಲ್ಲ ಚೇಚಿ, ಎಕ್ಸ್‌ಟ್ರಾ."

ನೂಪುಟ್ಟು ಒತ್ತುವ ಒರಳನ್ನು ಅವನ ಕೈಗೆ ಕೊಟ್ಟೆ. ಬೆಂದ ಅಕ್ಕಿಹಿಟ್ಟಿನ ಉಂಡೆ ಹಾಕಿ ಶ್ಯಾವಿಗೆ ಇಳಿಸಲು ತೋಳಿನಲ್ಲಿ ಬಲ ಬೇಕು. ಮಾತಿಲ್ಲದೆ ಒತ್ತಿದ. ಅಂದು ನನ್ನ ಭುಜ ನೋಯಲಿಲ್ಲ. ದೇವರು ಯಾವ ಕೈಯಲ್ಲಿ ಸಹಾಯ ಕಳಿಸುತ್ತಾನೋ ಹೇಳಲಾಗುವುದಿಲ್ಲ.

ಮೂರನೆಯ ದಿನ ಅವರು ಒಂದು ಹಾಡಿನ ತುಣುಕನ್ನು ಇಂಟರ್ನೆಟ್ಟಿಗೆ ಹಾಕಿದರು. ಮರುದಿನ ತಿಂಡಿಯ ಹೊತ್ತಿಗೆ ಜನ ಬರೆದದ್ದನ್ನು ಇಮ್ರಾನ್ ಗಟ್ಟಿಯಾಗಿ ಓದಿದ. ಅರ್ಧದಷ್ಟು ಜನ, ಕೊನೆಗೂ ನಮ್ಮ ಕಾಟಿ ಕಾಡಿಗೆ ಮರಳಿತು ಎಂದು ಹೊಗಳಿದ್ದರು. ಉಳಿದವರು ಸಿಟ್ಟಾಗಿದ್ದರು. ಒಬ್ಬ, "ಯಾರು ತೀರಿಹೋದದ್ದು? ಮಣ್ಣು ಯಾವಾಗ?" ಎಂದು ಕೇಳಿದ್ದ. ಇದಕ್ಕೆ ಜೋಮನ್ ನಕ್ಕುಬಿಟ್ಟ.

ಬೋಪಣ್ಣ ತಟ್ಟೆ ಸರಿಸಿದ. "ಖುಷಿ ಆಯ್ತಲ್ಲ ನಿನಗೆ?"

"ಖುಷಿ ಎಂತದು? ಬರೆದದ್ದು ಚೆನ್ನಾಗುಂಟು, ನಕ್ಕೆ."

"ಇಷ್ಟ ಇಲ್ಲದಿದ್ರೆ ಹೋಗು. ಯಾರೂ ಹಿಡ್ಕೊಂಡಿಲ್ಲ."

"ಹೋಗ್ತೇನೆ. ಆದ್ರೆ ನಾನು ಕಟ್ಟಿದ ರಾಗ ಎಲ್ಲ ತಗೊಂಡು ಹೋಗ್ತೇನೆ."

"ರಾಗ ನಿಂದಲ್ಲ, ಬ್ಯಾಂಡಿಂದು. ಬ್ಯಾಂಡ್ ನಂದು."

ಮಾತು ಅಲ್ಲಿಗೆ ಮುಟ್ಟಿದಾಗ ನನಗೆ ಸಂಗತಿ ಸ್ಪಷ್ಟವಾಯಿತು. ಹನ್ನೆರಡು ವರ್ಷ ದುಡಿದವನು ಬರಿಗೈಯಲ್ಲಿ ಹೋಗುವುದರಲ್ಲಿದ್ದ. ಅವನಿಗೆ ಬೇರೆ ವೃತ್ತಿಯೂ ಇರಲಿಲ್ಲ. ಲೋಕೇಶ ನಮ್ಮವರ ಕಡೆ ನೋಡಿ, "ಅಣ್ಣ, ನೀವಾದ್ರೂ ಒಂದು ಮಾತು ಹೇಳಿ" ಎಂದ. ನಮ್ಮವರು, "ಕಾಟಿ ಜಗಳದಲ್ಲಿ ನಡುವೆ ನಿಂತವ ಬದುಕಿದ್ದನ್ನ ನಾನು ನೋಡಿಲ್ಲ" ಎಂದು ಕಾಫಿ ಕುಡಿದರು. ನಾನು ಹೇಳಿದೆ.

ನಮ್ಮ ಕುಟುಂಬದಲ್ಲಿ ಅಣ್ಣತಮ್ಮಂದಿರು ತೋಟ ಹಂಚಿಕೊಳ್ಳುವಾಗ ಹಿರಿಯ ಎರಡು ಪಾಲು ಮಾಡುತ್ತಾನೆ, ಕಿರಿಯ ಮೊದಲು ಆರಿಸುತ್ತಾನೆ. ಪಾಲು ಮಾಡಿದವನು ಆರಿಸುವಂತಿಲ್ಲ. ನಮ್ಮ ಮಾವ ತಮ್ಮನೊಂದಿಗೆ ಪಾಲಾಗುವಾಗ ಒಂದು ಮಳೆಗಾಲ ಪೂರ್ತಿ ತೋಟದಲ್ಲಿ ಓಡಾಡಿದರಂತೆ. ನೀರಿರುವ ಪಾಲಿಗೆ ಇಳಿಜಾರು ಸೇರಿಸಿ, ರಸ್ತೆಯಿರುವ ಪಾಲಿಗೆ ಸಪ್ಪೆ ಮಣ್ಣಿನ ಜಾಗ ಸೇರಿಸಿ, ಮತ್ತೆ ಬದಲಾಯಿಸಿ. ಗಡಿ ಅಳೆಯುತ್ತಾನೋ ಜಿಗಣೆ ಸಾಕುತ್ತಾನೋ ಎಂದು ಊರವರು ಹಾಸ್ಯ ಮಾಡಿದರಂತೆ. ಇದನ್ನೆಲ್ಲ ಹೇಳಿ, "ಹಾಗೆ ಮಾಡಿ. ಬೋಪಣ್ಣ ಪಾಲು ಮಾಡ್ಲಿ, ಜೋಮನ್ ಆರಿಸ್ಲಿ" ಎಂದೆ.

ಇಬ್ಬರೂ ಒಪ್ಪಿದರು. ಬೋಪಣ್ಣ ಕಣದ ಕಟ್ಟೆಯ ಮೇಲೆ ಹೋಗಿ ಕುಳಿತ. ನಾನು ಕೋಳಿ ಸಾರಿಗೆ ಮಸಾಲೆ ಹುರಿದು, ಅಕ್ಕಿ ತೊಳೆದು ಒಲೆಗಿಟ್ಟೆ. ಅನ್ನ ಬೇಯುವುದರೊಳಗೆ ಅವನು ಎದ್ದು ಬಂದ.

"ಆಯ್ತು ಅಕ್ಕ. ಒಂದು ಪಾಲು, ಕಾಟಿ ಅನ್ನುವ ಹೆಸರು, ಕಾಲೇಜಿನ ಹಾಡು, ಗೋಡೌನಿನಲ್ಲಿ ರೆಕಾರ್ಡ್ ಆಗ್ತಾ ಇರುವ ಹಾಡು. ಇನ್ನೊಂದು ಪಾಲು, ಮದುವೆ ಹಾಡು ಪೂರ್ತಿ, ಮುಂದಿನ ಮದುವೆ ಬುಕಿಂಗ್ ಪೂರ್ತಿ. ಜಾಸ್ತಿ ಕೊಟ್ಟಿದ್ದೇನೆ ಅವನಿಗೆ."

ಜೋಮನ್ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. "ಅವನಿಗೆ ಅಂದ್ರೆ ಯಾರಿಗೆ? ನಾನಿನ್ನೂ ಆರಿಸ್ಲಿಲ್ಲ."

"ಸರಿ, ಆರಿಸು."

"ನನಗೆ ಮೊದಲನೇ ಪಾಲು."

ಬೋಪಣ್ಣನ ಮುಖ ಕೆಂಪಾಯಿತು. "ಏಯ್, ಅದು ನಿನಗೆ ಎಂತಕ್ಕೆ ಮಾರಾಯ? ಬ್ಲೂಸ್ ನುಡಿಸ್ತೀಯಾ ನೀನು?"

"ಪಾಲಿಗೆ ಬಂದದ್ದನ್ನ ನುಡಿಸ್ಲೇಬೇಕಾ? ಚೇಚಿ, ಹಾಗೆ ಉಂಟಾ?"

"ಇಲ್ಲ. ಪಾಲಿಗೆ ಬಂದ ತೋಟದಲ್ಲಿ ಕಾಫಿ ಹಾಕ್ಲಿ, ಪಾಳು ಬಿಡ್ಲಿ, ಅದು ಅವರವರ ಇಷ್ಟ."

ಇಮ್ರಾನ್ ಬೋಪಣ್ಣನ ಬೆನ್ನು ತಟ್ಟಿದ. "ಬೋಪಣ್ಣ, ಮದುವೆ ಹಾಡೆಲ್ಲ ನಿಂಗೇ ಬಂತಪ್ಪ. ಮುಂದಿನ ತಿಂಗಳು ಸೋಮವಾರಪೇಟೆಲಿ ಮದುವೆ ಉಂಟಲ್ಲ, ಹೋಗಿ ಕುಣ್ಸು."

"ಅಕ್ಕ, ಇನ್ನೊಂದು ಸಲ ಪಾಲು ಮಾಡ್ತೇನೆ" ಎಂದ ಬೋಪಣ್ಣ.

"ಆರಿಸಿದ ಮೇಲೆ ಮುಗೀತು. ನೀನು ಪಾಲು ಮಾಡುವಾಗಲೇ ಇದು ನನಗೆ, ಅದು ಅವನಿಗೆ ಅಂತ ಮನಸ್ಸಿನಲ್ಲಿ ಆರಿಸಿ ಆಗಿತ್ತು. ಯಾವುದು ಬಂದ್ರೂ ನಾನು ಬಾಳ್ತೇನೆ ಅಂತ ಧೈರ್ಯ ಬರುವವರೆಗೆ ಏಳ್ಬಾರ್ದಿತ್ತು" ಎಂದೆ.

"ಪಾಲು ಅನ್ನುದು ಅನ್ನ ಬೇಯುವುದ್ರೊಳಗೆ ಆಗುವ ಕೆಲಸ ಅಲ್ಲ" ಎಂದು ನಮ್ಮವರು ಆಗ ಬಾಯಿಬಿಟ್ಟರು.

ಅಂದಿನ ಊಟಕ್ಕೆ ನಾನು ಎರಡು ಸಲ ಸಾರು ಬಡಿಸಿದೆ. ಊಟವಾದ ಮೇಲೆ ಬೋಪಣ್ಣ ಜಗಲಿಯಲ್ಲಿ ಅತ್ತಿತ್ತ ನಡೆದ. ಕೊನೆಗೆ ಮೆಟ್ಟಿಲಲ್ಲಿ ಕುಳಿತಿದ್ದ ಜೋಮನ್‌ನ ಎದುರು ಬಂದು ನಿಂತ.

"ನಿನ್ನ ಪಾಲಿನ ಹಾಡು ನನಗೆ ಹಾಡ್ಬೇಕು. ಎಂತ ಮಾಡ್ಬೇಕು ಹೇಳು."

"ಕೇಳ್ಬೇಕು."

"ಕೇಳ್ತಾ ಇದ್ದೇನಲ್ಲ."

"ಈಗ ಕೇಳಿದ್ದು. ಇಲ್ಲಿಗೆ ಬರುವ ಮೊದಲೇ ಕೇಳಿದ್ರೆ ಮಾತು ಇಷ್ಟು ದೂರ ಬರ್ತಿರ್ಲಿಲ್ಲ." ಜೋಮನ್ ಎದ್ದು ನಿಂತ. "ಹಾಡು. ಬ್ಲೂಸೇ ಹಾಡು, ನಾನು ಬೇಡ ಅನ್ನುದಿಲ್ಲ. ಆದ್ರೆ ನಡುವೆ ಎರಡು ಸಲ ಮುಟ್ಟಿ ಕೂತ್ಕೊಳ್ಳುವವ ನಾನಲ್ಲ. ಕೀಬೋರ್ಡಿನಲ್ಲಿ ಆರ್ಗನ್ ದನಿ ಹಾಕ್ತೇನೆ, ಶುರುವಿನಿಂದ ಕೊನೆವರೆಗೆ. ಹಳೇ ಕಾಲದ ಬ್ಯಾಂಡಿನಲ್ಲಿ ಅದೂ ಇತ್ತು. ನಿನಗೆ ಗಿಟಾರ್ ಮಾತ್ರ ನೆನಪುಂಟು."

"ಮತ್ತೆ ಮದುವೆ ಹಾಡು?"

"ಅದು ನಿನ್ನದಲ್ವಾ? ನನಗೆ ನುಡಿಸ್ಬೇಕಾದ್ರೆ ನಾನು ನಿನ್ನ ಹತ್ರ ಕೇಳ್ತೇನೆ."

ಬೋಪಣ್ಣ ನಗಲಿಲ್ಲ. ಅಪ್ಪಿಕೊಳ್ಳುವುದು, ಕಣ್ಣೀರು ಅಂಥದ್ದೇನೂ ಆಗಲಿಲ್ಲ. "ನಡಿ" ಎಂದು ಗೋಡೌನಿನ ಕಡೆ ಹೊರಟ. ಜೋಮನ್ ಹಿಂದಿನಿಂದ ಹೋದ. ಅವನು ಮೊದಲೇ ಇಷ್ಟೆಲ್ಲ ಲೆಕ್ಕ ಹಾಕಿ ಆ ಪಾಲು ಆರಿಸಿದನೋ, ಬರಿಯ ಸಿಟ್ಟಿನಲ್ಲಿ ಆರಿಸಿದನೋ ನನಗೆ ಗೊತ್ತಿಲ್ಲ. ಆಮೇಲೂ ಕೇಳಲಿಲ್ಲ. ಹೊರಡುವ ದಿನ ನಾಲ್ವರೂ ಒಂದೇ ಜೀಪಿನಲ್ಲಿ ಹೋದರು ಎಂಬುದು ಮಾತ್ರ ನಾನು ಕಣ್ಣಾರೆ ಕಂಡದ್ದು. ನನಗೆ ಅಷ್ಟು ಸಾಕಾಗಿತ್ತು. ಆ ಸಂಜೆ ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದೆ.

ಹೊಸ ಹಾಡುಗಳು ಚೆನ್ನಾಗಿವೆಯೋ ಇಲ್ಲವೋ ತೀರ್ಮಾನಿಸುವಷ್ಟು ತಿಳಿವಳಿಕೆ ನನಗಿಲ್ಲ. ಪೊನ್ನಂಪೇಟೆಯಲ್ಲಿ ಮೊದಲ ಪ್ರದರ್ಶನವಾದಾಗ ಮೂರನೆಯ ಹಾಡಿಗೇ ಸುಮಾರು ಜನ ಎದ್ದು ಹೋದರಂತೆ. ಕುಣಿಯಲೆಂದೇ ಒಳ್ಳೆಯ ಸೀರೆ ಉಟ್ಟು ಬಂದಿದ್ದ ಒಬ್ಬ ಹೆಂಗಸು ವೇದಿಕೆಯ ಹತ್ತಿರವೇ ಬಂದು, "ನಿಮಗೆ ಮನೆಯಲ್ಲಿ ಎಂತಾದ್ರೂ ತೊಂದ್ರೆ ಉಂಟಾ ಮೋನೇ?" ಎಂದು ಬೋಪಣ್ಣನನ್ನು ಹೆತ್ತ ಮಗನನ್ನು ಕೇಳುವಂತೆ ವಿಚಾರಿಸಿದರಂತೆ. ಕೂತವರು ಮಾತ್ರ ಕೊನೆಯವರೆಗೂ ಕದಲಲಿಲ್ಲವೆಂದು ಲೋಕೇಶ ಹೇಳಿದ. ಸೋಮವಾರಪೇಟೆಯ ಮದುವೆಯವರು, ಅಳುವ ಹಾಡು ಹಾಡಕೂಡದು ಎಂದು ಮೊದಲೇ ಮಾತು ತೆಗೆದುಕೊಂಡರು. ಅಲ್ಲಿ ಹಳೆಯ ಕುಣಿತದ ಹಾಡುಗಳನ್ನೇ ನುಡಿಸಿದರು. ಅಭಿಮಾನಿಗಳು ಇಂದಿಗೂ ಎರಡು ಪಂಗಡ. ಬ್ಯಾಂಡ್ ಮಾತ್ರ ಒಂದೇ ಇದೆ. ಒಬ್ಬನ ಪಾಲನ್ನು ಇನ್ನೊಬ್ಬನಿಲ್ಲದೆ ನುಡಿಸಲಾಗದು. ಈಗಲೂ ಜಗಳವಾಡುತ್ತಾರಂತೆ, ಹೋಗುತ್ತೇನೆ ಎಂದು ಮಾತ್ರ ಯಾರೂ ಹೇಳುವುದಿಲ್ಲವಂತೆ.

ನನ್ನ ಕೆಲಸದಲ್ಲಿ ಇದರಿಂದ ಒಂದು ಬದಲಾವಣೆ ಮಾಡಿಕೊಂಡೆ. ಕೋಳಿ ಸಾರನ್ನು ಬಟ್ಟಲುಗಳಿಗೆ ತುಂಬುವಾಗ ದೊಡ್ಡ ತುಂಡು ಯಾರಿಗೆ, ಎಲುಬು ಯಾರಿಗೆ ಎಂದು ಮೊದಲೆಲ್ಲ ಮುಖ ನೋಡಿ ಹಾಕುತ್ತಿದ್ದೆ. ಈಗ ನಾನು ಹಂಚಲಿ, ಸಹಾಯಕ್ಕೆ ಬರುವ ಲೀಲಾ ಹಂಚಲಿ, ಬಂದವರೆಲ್ಲ ತಮತಮಗೆ ಬೇಕಾದ ಬಟ್ಟಲು ತೆಗೆದುಕೊಂಡ ಮೇಲೆ ಉಳಿದದ್ದು ಹಂಚಿದವಳಿಗೆ. ಲೀಲಾ ಮೊದಲ ದಿನ ಗೊಣಗಿದಳು, ಎರಡನೆಯ ದಿನ ಸೌಟನ್ನು ತಳದವರೆಗೆ ಇಳಿಸಿ ತಿರುವಿ ಹಾಕಿದಳು. ಉಳಿದ ಆ ಬಟ್ಟಲಿನಲ್ಲಿ ಇದುವರೆಗೆ ಬರೀ ಎಲುಬು ಬಂದಿಲ್ಲ.